ಮೊದಲು ಭಾರ, ಆಮೇಲೆ ಹೆಜ್ಜೆ

ಬಚಾತಾ ಎಂಬ ಜೋಡಿ ಕುಣಿತ ಕಲಿಯಬೇಕೆಂದು ಮೊಬೈಲಿನಲ್ಲಿ ಹುಡುಕುವವರಿಗೆ ಮೊದಲು ಕಣ್ಣಿಗೆ ಬೀಳುವುದು ಪಳಗಿದವರ ಕುಣಿತ. ಜೋಡಿ ಗಿರ್ರನೆ ತಿರುಗುತ್ತದೆ, ಸೊಂಟ ಹೊರಳುತ್ತದೆ, ಕೈಗೆ ಕೈ ಸಿಕ್ಕು ಮತ್ತೆ ಬಿಡಿಸಿಕೊಳ್ಳುತ್ತದೆ. ನೋಡಿದವರಲ್ಲಿ ಕೆಲವರು ಇದು ನಮ್ಮಿಂದಾಗದ ಮಾತು ಎಂದು ಕೈಬಿಡುತ್ತಾರೆ. ಉಳಿದವರು ಸೊಂಟ ಕುಣಿಸಲು ಬಂದರೆ ಬಚಾತಾ ಬಂದ ಹಾಗೆಯೇ ಎಂದುಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾರೆ. ಎರಡೂ ತಪ್ಪು ದಾರಿ. ಈ ಕುಣಿತದ ಮೊದಲ ಪಾಠ ಇರುವುದು ಅಂಗಾಲಿನಲ್ಲಿ. ಮೈಭಾರ ಈ ಕ್ಷಣ ಯಾವ ಕಾಲಿನ ಮೇಲಿದೆ ಎಂಬ ಅರಿವಿನಲ್ಲಿ. ಆ ಅರಿವು ಬಂದವರಿಗೆ ತಿರುವು ತಾನಾಗಿ ಒದಗುತ್ತದೆ, ಬಾರದವರಿಗೆ ನೂರು ತಿರುವು ಬಾಯಿಪಾಠವಾದರೂ ಕುಣಿತ ಕೂಡಿ ಬರುವುದಿಲ್ಲ. ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂಥ ಊರುಗಳಲ್ಲಿ ಭಜನೆಯ ತಾಳ ಕೇಳುತ್ತ, ಡೊಳ್ಳು, ಕೋಲಾಟ ನೋಡುತ್ತ ಬೆಳೆದವರಿಗೆ ಈ ಪಾಠದ ದೊಡ್ಡ ಪಾಲು ಆಗಲೇ ಆಗಿರುತ್ತದೆ. ಅದನ್ನು ಗುರುತಿಸಿಕೊಳ್ಳದೆ, ಏನೂ ಬಾರದವರಂತೆ ಹೊರಡುವುದೇ ನಮ್ಮ ಕಡೆಯ ಹೊಸ ಕಲಿಕೆಯವರ ನಿಜವಾದ ತೊಡಕು.

ಬಚಾತಾ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್ ದೇಶದಲ್ಲಿ. ಅಲ್ಲಿ 1930ರಿಂದ 1961ರವರೆಗೆ ರಫಾಯೆಲ್ ತ್ರುಹಿಯೊ ಎಂಬ ಸರ್ವಾಧಿಕಾರಿಯ ಆಡಳಿತವಿತ್ತು. ಅವನು ಮೆರೆಂಗೆ ಎಂಬ ಸಂಗೀತವನ್ನು ದೇಶದ ಹೆಮ್ಮೆಯೆಂದು ಎತ್ತಿಹಿಡಿದ. ಹಳ್ಳಿಯವರು ಗಿಟಾರ್ ಹಿಡಿದು ಹಾಡುತ್ತಿದ್ದ ಪ್ರೇಮ, ವಿರಹದ ಹಾಡುಗಳಿಗೆ ಯಾವ ಮನ್ನಣೆಯೂ ಇರಲಿಲ್ಲ. ಅವನ ಹತ್ಯೆಯಾದ ಮರುವರ್ಷ, 1962ರಲ್ಲಿ, ಹೊಸೆ ಮಾನ್ವೆಲ್ ಕಾಲ್ದೆರೋನ್ ಹಾಡಿದ ಹಾಡುಗಳು ಧ್ವನಿಮುದ್ರಣಗೊಂಡವು. ಬಚಾತಾದ ಮೊದಲ ಮುದ್ರಿಕೆಗಳೆಂದು ಇಂದು ಹೆಸರಾಗಿರುವುದು ಅವೇ. ಹೊಲ ಬಿಟ್ಟು ರಾಜಧಾನಿಯ ಗುಡಿಸಲು ಕೇರಿಗಳಿಗೆ ಬಂದ ಕೂಲಿಕಾರರು ಇದನ್ನು ಕಿರಾಣಿ ಅಂಗಡಿಗಳ ಮುಂದೆ, ಹಿತ್ತಲಲ್ಲಿ, ಅಗ್ಗದ ಹೆಂಡದಂಗಡಿಗಳಲ್ಲಿ ಕುಣಿದರು. ಹೆಜ್ಜೆ ಚಿಕ್ಕದಾಗಿರುವುದಕ್ಕೂ ಆ ಇಕ್ಕಟ್ಟಿನ ಜಾಗಕ್ಕೂ ಸಂಬಂಧವಿದೆ. ನಾಲ್ಕು ಅಡಿ ನೆಲವಿದ್ದರೆ ಈ ಕುಣಿತಕ್ಕೆ ಸಾಕು. ಮೇಲ್ವರ್ಗದವರು ಇದನ್ನು ಕೀಳೆಂದರು, ರೇಡಿಯೊಗಳು ದೂರವಿಟ್ಟವು, ರೇಡಿಯೊ ಗುವಾರಾಚಿತಾದಂಥ ಬೆರಳೆಣಿಕೆಯ ಕೇಂದ್ರಗಳಷ್ಟೇ ಬಿತ್ತರಿಸಿದವು. 1990ರಲ್ಲಿ ಹ್ವಾನ್ ಲೂಯಿಸ್ ಗೆರ್ರಾ ಹೊರತಂದ ‘ಬಚಾತಾ ರೋಸಾ’ ಗೀತಗುಚ್ಛಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದ ಮೇಲೆ ದೊಡ್ಡ ಮನೆಗಳ ಬಾಗಿಲೂ ತೆರೆಯಿತು. 2019ರಲ್ಲಿ ಯುನೆಸ್ಕೊ ಡೊಮಿನಿಕನ್ ಬಚಾತಾದ ಸಂಗೀತ ಮತ್ತು ಕುಣಿತವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನೃತ್ಯ ಶಾಲೆಗಳಲ್ಲಿ ಶುಲ್ಕ ಕಟ್ಟಿ ಕಲಿಯುವವರನ್ನು ಕಂಡು ಇದು ಉಳ್ಳವರ ಆಟ ಎಂದುಕೊಂಡವರು ಈ ಚರಿತ್ರೆಯನ್ನು ಗಮನಿಸಬೇಕು. ಕೂಲಿ ಮುಗಿಸಿ ಬಂದವರ ಕುಣಿತ ಇದು.

ಈಗ ಹೆಜ್ಜೆಗೆ ಬರೋಣ. ಎಣಿಕೆ ಎಂಟು, ನಾಲ್ಕರ ಎರಡು ಪಾಲು. ಎಡಗಾಲನ್ನು ಎಡಕ್ಕೆ ಇಡಿ, ಒಂದು. ಬಲಗಾಲನ್ನು ಅದರ ಪಕ್ಕಕ್ಕೆ ತನ್ನಿ, ಎರಡು. ಎಡಗಾಲು ಮತ್ತೆ ಎಡಕ್ಕೆ, ಮೂರು. ನಾಲ್ಕನೆಯ ಎಣಿಕೆಗೆ ಬಲಗಾಲು ಎಡಗಾಲಿನ ಪಕ್ಕಕ್ಕೆ ಬಂದು ನೆಲವನ್ನು ಮುಟ್ಟುತ್ತದೆ, ಆದರೆ ಭಾರ ಹೊರುವುದಿಲ್ಲ. ಐದಕ್ಕೆ ಅದೇ ಬಲಗಾಲು ಬಲಕ್ಕೆ ಹೊರಡುತ್ತದೆ, ಆರಕ್ಕೆ ಎಡಗಾಲು ಕೂಡಿಕೊಳ್ಳುತ್ತದೆ, ಏಳಕ್ಕೆ ಬಲಗಾಲು ಮತ್ತೆ ಬಲಕ್ಕೆ, ಎಂಟಕ್ಕೆ ಎಡಗಾಲಿನ ಹಗುರ ಮುಟ್ಟು. ಎದುರಿಗೆ ನಿಂತ ಜೊತೆಗಾರರು ಇದನ್ನೇ ಬಲಗಾಲಿನಿಂದ ಆರಂಭಿಸುತ್ತಾರೆ. ಹೇಳಲು ಇಷ್ಟೇ. ಹೊಸಬರು ಎಡವುವುದು ನಾಲ್ಕನೆಯ ಎಣಿಕೆಯಲ್ಲಿ. ಮುಟ್ಟಬೇಕಾದ ಕಾಲು ಊರಿಬಿಡುತ್ತದೆ, ಅರ್ಧ ಭಾರ ಅದರ ಮೇಲೆ ಕೂತುಬಿಡುತ್ತದೆ. ಭಾರ ಹೊತ್ತ ಕಾಲನ್ನು ಎತ್ತಲಾಗದು; ಹಾಗಾಗಿ ಐದನೆಯ ಎಣಿಕೆಗೆ ಕಾಲು ಹೊರಡುವುದು ತಡವಾಗುತ್ತದೆ, ತಾಳ ತಪ್ಪುತ್ತದೆ, ತಪ್ಪಿದ್ದನ್ನು ಹಿಡಿಯಲು ಅವಸರವಾಗುತ್ತದೆ. ತಾಳಜ್ಞಾನವಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುವ ಎಷ್ಟೋ ಮಂದಿಗೆ ಇರುವ ಸಮಸ್ಯೆ ಕಿವಿಯದಲ್ಲ, ಭಾರದ್ದು. ಪರೀಕ್ಷೆ ಸುಲಭ: ನಾಲ್ಕಕ್ಕೆ ನಿಂತು, ಮುಟ್ಟಿದ ಕಾಲನ್ನು ನೆಲದಿಂದ ಎತ್ತಿ. ಮೈ ವಾಲದೆ ಎತ್ತಲು ಬಂದರೆ ಭಾರ ಸರಿಯಾದ ಕಡೆ ಇದೆ. ವಾಲಿದರೆ ಮತ್ತೆ ಒಂದರಿಂದ ಎಣಿಸಿ. ಸೊಂಟದ ಗುಟ್ಟೂ ಇಲ್ಲೇ ಇದೆ. ಮೊಣಕಾಲು ತುಸು ಮಡಿಚಿರಲಿ. ಒಂದು ಕಾಲು ಭಾರ ಹೊತ್ತು ನೆಟ್ಟಗಾಗುವಾಗ ಇನ್ನೊಂದರ ಮೊಣಕಾಲು ಮಡಿಯುತ್ತದೆ, ಆಗ ಸೊಂಟ ಭಾರವಿದ್ದ ಕಡೆಗೆ ತಾನೇ ಸರಿಯುತ್ತದೆ. ಅದನ್ನು ಬೇರೆಯಾಗಿ ಕುಣಿಸಲು ಹೋದರೆ ನಡು ನೋಯುತ್ತದೆ, ನೋಡಲೂ ಚೆನ್ನಾಗಿರುವುದಿಲ್ಲ.

ಎಂಟರ ಎಣಿಕೆ ನಮ್ಮ ಕಿವಿಗೆ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದ ಭಜನೆಗಳಲ್ಲಿ, ತತ್ವಪದಗಳಲ್ಲಿ ಮತ್ತೆ ಮತ್ತೆ ಬರುವ ಕೆಹರವಾ ಎಂಟು ಮಾತ್ರೆಯ ತಾಳ, ಅದೂ ನಾಲ್ಕು ನಾಲ್ಕರ ಎರಡು ಪಾಲು. ಗುಡಿಯ ಕಟ್ಟೆಯ ಮೇಲೆ ಕೂತು ಚಪ್ಪಾಳೆ ತಟ್ಟಿದವರ ಮೈಯಲ್ಲಿ ಈ ಎಂಟು ಆಗಲೇ ಕೂತಿದೆ. ಬಚಾತಾದಲ್ಲಿ ಡಗ್ಗಾ, ತಬಲಾದ ಜಾಗದಲ್ಲಿ ಬೊಂಗೊ ಎಂಬ ಜೋಡಿ ವಾದ್ಯವಿದೆ, ಕೈತಾಳದ ಜಾಗದಲ್ಲಿ ಗ್ವೀರಾ ಎಂಬ ಲೋಹದ ಕೊಳವೆಯನ್ನು ಕಡ್ಡಿಯಿಂದ ಗೀರುವ ಸದ್ದಿದೆ, ಮೇಲೆ ಗಿಟಾರಿನ ಕಿರುಸ್ವರಗಳು ಓಡುತ್ತಿರುತ್ತವೆ. ಹೊಸಬರ ಕಿವಿ ಗಿಟಾರಿನ ಬೆನ್ನು ಹತ್ತುತ್ತದೆ, ಅಲ್ಲೇ ದಾರಿ ತಪ್ಪುತ್ತದೆ. ಕೇಳಬೇಕಾದದ್ದು ಬೊಂಗೊ ಮತ್ತು ತಗ್ಗು ಸ್ವರದ ಬೇಸ್. ನಾಲ್ಕನೆಯ ಎಣಿಕೆಯಲ್ಲಿ ಇವು ಹಲವು ಸಲ ಒತ್ತು ಕೊಡುತ್ತವೆ, ಕಾಲಿನ ಹಗುರ ಮುಟ್ಟು ಅದಕ್ಕೇ ಕೂಡುತ್ತದೆ. ನನಗೆ ಹುಟ್ಟಿನಿಂದಲೇ ತಾಳವಿಲ್ಲ ಎನ್ನುವವರಿಗೆ ಹೇಳಬೇಕಾದ ಸಂಗತಿಯೊಂದಿದೆ. 2009ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಹುಟ್ಟಿ ಎರಡು ಮೂರು ದಿನವಾದ, ನಿದ್ದೆಯಲ್ಲಿದ್ದ ಹಸುಗೂಸುಗಳಿಗೆ ತಾಳ ಕೇಳಿಸಿ ನಡುವೆ ಮುಖ್ಯ ಪೆಟ್ಟೊಂದನ್ನು ಬಿಟ್ಟಾಗ, ಬರಬೇಕಾದದ್ದು ಬರಲಿಲ್ಲ ಎಂಬುದಕ್ಕೆ ಅವುಗಳ ಮಿದುಳು ಸ್ಪಂದಿಸಿದ್ದು ದಾಖಲಾಯಿತು. ತಾಳವನ್ನು ಗ್ರಹಿಸಲಾಗದ ಜನ ಇಲ್ಲವೆಂದಲ್ಲ, ಆದರೆ ತೀರಾ ವಿರಳ. ಉಳಿದವರ ಕಿವಿ ಕೇಳುತ್ತದೆ; ಕೇಳಿದ್ದನ್ನು ಕಾಲಿಗೆ ಇಳಿಸುವ ಅಭ್ಯಾಸವಷ್ಟೇ ಬಾಕಿ.

ಆ ಅಭ್ಯಾಸವನ್ನು ಹೇಗೆ ಮಾಡಬೇಕೆಂಬುದರಲ್ಲಿ ನಮ್ಮ ಕುಣಿತಗಳು ಮೊಬೈಲಿಗಿಂತ ಒಳ್ಳೆಯ ಗುರು. ಡೊಳ್ಳಿನವರನ್ನು ಹತ್ತಿರದಿಂದ ನೋಡಿ. ಅಷ್ಟು ಭಾರದ ವಾದ್ಯವನ್ನು ಕೊರಳಿಗೆ ತೂಗಿಕೊಂಡವರು ಮೊಣಕಾಲು ಬಿಗಿ ಹಿಡಿದು ನಿಂತರೆ ಒಂದು ಸುತ್ತೂ ಕುಣಿಯಲಾರರು. ಮೊಣಕಾಲು ಮಡಿಯುತ್ತದೆ, ಭಾರ ಪೂರ್ತಿಯಾಗಿ ಒಂದು ಕಾಲಿಗೆ ದಾಟುತ್ತದೆ, ಆಮೇಲೆಯೇ ಇನ್ನೊಂದು ಕಾಲು ನೆಲ ಬಿಡುತ್ತದೆ. ಬಚಾತಾ ಕಲಿಸುವವರು ವಾರಗಟ್ಟಲೆ ಹೇಳಿಕೊಡುವುದು ಇದನ್ನೇ. ಕೋಲಾಟದಲ್ಲಿ ಎದುರಿನವರ ಕೋಲಿಗೆ ಕೋಲು ಕೊಟ್ಟು, ಸರಿದು, ಮುಂದಿನವರಿಗೆ ಎದುರಾಗಬೇಕು. ತನ್ನ ಹೆಜ್ಜೆಯ ಜೊತೆಗೆ ಇನ್ನೊಬ್ಬರ ಹೆಜ್ಜೆಯ ಮೇಲೂ ಗಮನವಿರಬೇಕು. ಜೋಡಿ ಕುಣಿತದ ತಳಹದಿಯೂ ಅದೇ. ಇನ್ನೂ ಮುಖ್ಯವಾದದ್ದು ಕಲಿಸುವ ಕ್ರಮ. ಊರಿನ ಮೇಳದಲ್ಲಿ ಹೊಸ ಹುಡುಗ ಬಲ್ಲವರ ಪಕ್ಕ ನಿಲ್ಲುತ್ತಾನೆ, ಮುಂದಿರುವವರ ಕಾಲು ನೋಡುತ್ತಾನೆ, ನಿಧಾನದ ಹಾಡಿನಿಂದ ಆರಂಭಿಸುತ್ತಾನೆ. ಒಂದೇ ಹೆಜ್ಜೆಯನ್ನು ಹಾಡು ಮುಗಿಯುವವರೆಗೆ ಹಾಕುತ್ತಾನೆ, ತಪ್ಪಿದರೂ ಸಾಲು ನಿಲ್ಲುವುದಿಲ್ಲ. ವಿಡಿಯೊ ಎದುರು ಕೂತವರು ಮೂವತ್ತು ಸೆಕೆಂಡಿಗೊಮ್ಮೆ ಹೊಸ ಹೆಜ್ಜೆ ಹುಡುಕುತ್ತಾರೆ, ತಪ್ಪಿದೊಡನೆ ನಿಲ್ಲಿಸಿ ಹಿಂದಕ್ಕೆ ಹೋಗುತ್ತಾರೆ. ನಿಲ್ಲಿಸುವುದನ್ನೇ ಮೈ ಕಲಿಯುತ್ತದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಜಾನಪದಕ್ಕೇ ಮೀಸಲಾದ ಇಂಥ ಸಂಸ್ಥೆ ಇದೇ ಜಿಲ್ಲೆಯಲ್ಲಿರುವಾಗ, ಹಾಡು, ವೇಷಗಳ ಜೊತೆಗೆ ನಮ್ಮ ಮೇಳಗಳು ಹೊಸಬರಿಗೆ ಕುಣಿತ ಕಲಿಸುವ ಈ ಕ್ರಮವೂ ದೊಡ್ಡ ವಿದ್ಯೆಯೆಂದು ಎಣಿಕೆಯಾಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಇಷ್ಟೆಲ್ಲ ನಮ್ಮಲ್ಲೇ ಇರುವಾಗ ಕಡಲಾಚೆಯ ಕುಣಿತ ಯಾಕೆ, ಡೊಳ್ಳನ್ನೇ ಕಲಿಯಬಾರದೇ ಎಂಬ ಪ್ರಶ್ನೆ ಸಹಜ, ತೂಕದ್ದೂ ಹೌದು. ಕಲಿಯಲಿ, ಖಂಡಿತ. ಆದರೆ ಒಂದನ್ನು ಕಲಿತರೆ ಇನ್ನೊಂದು ಸಾಯುತ್ತದೆ ಎಂಬ ಭಯಕ್ಕೆ ಆಧಾರ ಕಾಣೆ. ಮೆರವಣಿಗೆಗಳಲ್ಲಿ ಡೊಳ್ಳಿಗೆ ಪೈಪೋಟಿ ಕೊಟ್ಟದ್ದು ಡಿಜೆಯ ಧ್ವನಿವರ್ಧಕ, ಯಾವ ಪರದೇಶದ ಹೆಜ್ಜೆಯೂ ಅಲ್ಲ. ಧ್ವನಿವರ್ಧಕದ ಮುಂದೆ ಕುಣಿಯಲು ಯಾರಿಂದಲೂ ಏನೂ ಕಲಿಯಬೇಕಿಲ್ಲ, ನಷ್ಟವಾದದ್ದು ಆ ಕಲಿಕೆ. ಬಚಾತಾಕ್ಕಾಗಿ ಭಾರ, ತಾಳ, ಜೊತೆಗಾರಿಕೆ ಕಲಿತ ಹುಡುಗಿ ಮುಂದೊಂದು ದಿನ ಕೋಲಾಟದ ಸುತ್ತನ್ನು ನೋಡಿದಾಗ, ಅದರ ಕಷ್ಟವನ್ನೂ ಚೆಂದವನ್ನೂ ಮೊದಲಿಗಿಂತ ಚೆನ್ನಾಗಿ ಗುರುತಿಸುತ್ತಾಳೆ. ಹೊರಗಿನಿಂದ ಬಂದದ್ದು ಎಂಬ ಆಕ್ಷೇಪಕ್ಕೆ ಹಾವೇರಿ ಜಿಲ್ಲೆಯಲ್ಲೇ ಉತ್ತರವಿದೆ. ಬಚಾತಾ ಹುಟ್ಟಿದ ದ್ವೀಪದಲ್ಲೇ 1493ರ ಜನವರಿಯಲ್ಲಿ ಕೊಲಂಬಸ್ ಅಲ್ಲಿನ ಜನ ತಿನ್ನುತ್ತಿದ್ದ ಮೆಣಸಿನಕಾಯಿಯ ವಿಷಯವನ್ನು ತನ್ನ ದಿನಚರಿಯಲ್ಲಿ ಬರೆದ. ಅಮೆರಿಕ ಖಂಡದ ಆ ಬೆಳೆಯನ್ನು ಪೋರ್ಚುಗೀಸರು ಭಾರತಕ್ಕೆ ತಂದರು. ಇಂದು ಬ್ಯಾಡಗಿಯ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ಅದು ಇಲ್ಲಿಯದಲ್ಲ ಎಂದು ಯಾರೂ ಹೇಳುವುದಿಲ್ಲ. ಬೆಳೆಸಿದವರು, ಒಣಗಿಸಿದವರು, ರುಚಿ ಕಂಡವರು ನಮ್ಮವರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮುಟ್ಟುವಿಕೆಯದು. ಬಚಾತಾ ಗಂಡು ಹೆಣ್ಣು ಹತ್ತಿರ ನಿಂತು ಕುಣಿಯುವ ಕುಣಿತ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಅದು ಹುಡುಗಿಯೊಬ್ಬಳ ಮೇಲೆ ಎಂಥ ಮಾತುಗಳನ್ನು ತರಬಹುದೆಂದು ತಾಯಂದಿರಿಗೆ ಗೊತ್ತು. ಆ ಆತಂಕವನ್ನು ಹಳೆಯ ಕಾಲದ ಬುದ್ಧಿ ಎಂದು ತಳ್ಳಿಹಾಕುವುದು ಅನ್ಯಾಯ. ಆದರೆ ವಿಡಿಯೊಗಳಲ್ಲಿ ಕಾಣುವ ಮೈಗೆ ಮೈ ತಾಗಿಸುವ ಶೈಲಿ ಈ ಶತಮಾನದಲ್ಲಿ ಸ್ಪೇನಿನ ಕಾದಿಸ್ ಕಡೆ ರೂಪುಗೊಂಡದ್ದು. ಬಚಾತಾ ಎಂದರೆ ಅದೊಂದೇ ಅಲ್ಲ. ಎದುರುಬದುರು ನಿಂತು, ತೋಳಿನಳತೆಯ ದೂರದಲ್ಲಿ, ಬರೀ ಬೆರಳುಗಳನ್ನು ಹಿಡಿದು ಕುಣಿಯುವುದೂ ಬಚಾತಾವೇ. ಹೆಣ್ಣುಮಕ್ಕಳು ಹೆಣ್ಣುಮಕ್ಕಳ ಜೊತೆಗೆ, ಗಂಡಸರು ಗಂಡಸರ ಜೊತೆಗೆ ಕಲಿತರೆ ಕಲಿಕೆಗೆ ಏನೂ ಕೊರತೆಯಾಗದು. ನಡೆಸುವವರು ಯಾರು, ಅನುಸರಿಸುವವರು ಯಾರು ಎಂಬುದನ್ನು ಬದಲಿಸಿಕೊಂಡರೆ ಲಾಭವೇ ಹೆಚ್ಚು. ಮೊದಲ ಹೆಜ್ಜೆಗಳಿಗಂತೂ ಜೊತೆಗಾರರೇ ಬೇಡ. ತನ್ನ ಭಾರವೇ ತನಗೆ ತಿಳಿಯದವರು ಇನ್ನೊಬ್ಬರ ಕೈ ಹಿಡಿದರೆ ಆ ಕೈಯನ್ನು ಊರುಗೋಲು ಮಾಡಿಕೊಳ್ಳುತ್ತಾರೆ, ಎಳೆಯುತ್ತಾರೆ, ಇಬ್ಬರಿಗೂ ನೋವು. ಒಬ್ಬಂಟಿಯಾಗಿ ಸರಿಯಾಗಿ ಕುಣಿಯಲು ಬಂದ ಮೇಲೆ ಕೈ ಕೊಡುವುದು ಕ್ರಮ. ಯಾವ ತರಗತಿಯಲ್ಲಾದರೂ ಕಲಿಯುವವರು ಬೇಡ ಎಂದರೆ ಕಲಿಸುವವರು ಒಪ್ಪಿಕೊಳ್ಳಬೇಕು, ಕಾರಣ ಕೇಳಬಾರದು. ಒಪ್ಪದ ಕಡೆ ಕಲಿಯುವುದು ಬೇಡ.

ವಯಸ್ಸಾಯಿತು ಎನ್ನುವವರಿಗೂ ಜಾಗವಿದೆ. 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿತ್ತು. ಆಗಾಗ ಕುಣಿಯುತ್ತಿದ್ದವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಕುಣಿತವೇ ಅದಕ್ಕೆ ಕಾರಣವೆಂದು ಇದರಿಂದ ಸಾಬೀತಾಗದು, ಆರೋಗ್ಯವಿದ್ದವರೇ ಹೆಚ್ಚು ಕುಣಿದಿರಬಹುದು. ಆದರೂ ಉತ್ತೇಜನಕ್ಕೆ ಸಾಕು. ಎಚ್ಚರ ಬೇಕಾದದ್ದು ಮೊಣಕಾಲಿನ ಬಗ್ಗೆ. ನಗರದ ತರಗತಿಗಳಲ್ಲಿ ಜಾರುವ ಅಟ್ಟೆಯ ಪಾದರಕ್ಷೆ, ಮರದ ನೆಲ ಇರುತ್ತವೆ. ನಮ್ಮ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲು ಕಚ್ಚಿಕೊಳ್ಳುತ್ತದೆ. ಮೈ ತಿರುಗಿ ಪಾದ ತಿರುಗದೆ ಹೋದರೆ ಆ ತಿರುಚು ಪೂರ್ತಿ ಮೊಣಕಾಲಿಗೆ ಬೀಳುತ್ತದೆ. ಆದ್ದರಿಂದ ಬರಿಗಾಲಲ್ಲಿ ಪಕ್ಕದ ಹೆಜ್ಜೆ, ಹಿಂದೆ ಮುಂದಿನ ಹೆಜ್ಜೆ ಧಾರಾಳವಾಗಿ ಮಾಡಬಹುದು. ತಿರುವನ್ನು ಹಿಮ್ಮಡಿ ಎತ್ತಿ, ಒಂದೇ ಸಲಕ್ಕೆ ಸುತ್ತದೆ, ಮೂರು ಎಣಿಕೆಗೆ ಮೂರು ಚಿಕ್ಕ ಹೆಜ್ಜೆಯಾಗಿ ಒಡೆದು ಹಾಕಬೇಕು. ನುಣುಪು ಟೈಲ್ಸಿನ ಮೇಲೆ ಕಾಲುಚೀಲ ತೊಟ್ಟು ಕುಣಿಯುವುದು ಬೇಡ, ಬೀಳುತ್ತಾರೆ.

ಹಾಡಿನ ಆಯ್ಕೆಯಲ್ಲೂ ಅವಸರ ಬೇಡ. ಬಚಾತಾ ಹಾಡುಗಳ ನಡೆ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 140 ಎಣಿಕೆ, ಎಂದರೆ ಸೆಕೆಂಡಿಗೆ ಎರಡು ಹೆಜ್ಜೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೊಸ ಕಾಲಿಗೆ ಇದು ಜೋರಾಯಿತು. ಮೊಬೈಲಿನಲ್ಲಿ ಹಾಡಿನ ವೇಗವನ್ನು ಮುಕ್ಕಾಲಿಗೆ ಇಳಿಸಿಕೊಳ್ಳಬಹುದು. ಅಥವಾ ಪರಿಚಿತ ಭಜನೆಯೊಂದನ್ನು ನಿಧಾನದ ಕೆಹರವಾದಲ್ಲಿ ಹಚ್ಚಿ, ಅದಕ್ಕೇ ಮೂರು ಹೆಜ್ಜೆ, ಒಂದು ಮುಟ್ಟು ಹಾಕಿ ನೋಡಬಹುದು. ಬಾಯಲ್ಲಿ ಎಣಿಕೆ ಗಟ್ಟಿಯಾಗಿ ಬರಲಿ. ಒಂದು ಹಾಡು ಮೊದಲಿನಿಂದ ಕೊನೆಯವರೆಗೆ, ನಿಲ್ಲಿಸದೆ, ಒಂದೇ ಹೆಜ್ಜೆ. ಎಣಿಸುವುದು ಮರೆತರೂ ನಾಲ್ಕಕ್ಕೆ ಕಾಲು ಹಗುರವಾಗಿಯೇ ಬರುತ್ತಿದ್ದರೆ, ಡೊಮಿನಿಕನ್ ಗಿಟಾರಿನ ಹಾಡು ಹಚ್ಚುವ ಹೊತ್ತು ಬಂದಿದೆ.