ಜಾಲಪುಟಗಳಲ್ಲಿ ಸೇರ್ಪಡೆ ಮತ್ತು ಅಳಿಸುವಿಕೆಯ ಗುರುತು

ಸೇರ್ಪಡೆ ಮತ್ತು ಅಳಿಸುವಿಕೆಯ ಗುರುತು ಎಂಬುದು ಜಾಲಪುಟದ ಬರಹದಲ್ಲಿ ಹೊಸದಾಗಿ ಸೇರಿಸಿದ ಹಾಗೂ ತೆಗೆದುಹಾಕಿದ ಭಾಗಗಳನ್ನು ಓದುಗರಿಗೆ ಕಾಣುವಂತೆ ಉಳಿಸುವ ವಿಧಾನವಾಗಿದೆ. ಎಚ್‌ಟಿಎಂಎಲ್ ಭಾಷೆಯಲ್ಲಿ ಸೇರ್ಪಡೆಗೆ ‘ಇನ್ಸ್’, ಅಳಿಸುವಿಕೆಗೆ ‘ಡೆಲ್’ ಎಂಬ ಟ್ಯಾಗ್‌ಗಳಿವೆ. ಇವೆರಡೂ 1997ರ ಡಿಸೆಂಬರ್‌ನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 4.0 ಆವೃತ್ತಿಯಲ್ಲಿ ಸೇರಿದ್ದವು.

ಉಪಯೋಗ

ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಅನಂತರ ಬಳ್ಳಾರಿಗೆ ಮರಳಿತು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಅದು ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿ ತಾಲೂಕುಗಳ ಜೊತೆಗಿದೆ. ಹೀಗಾಗಿ ಒಂದೇ ಊರಿನವರ ಅಂಕಪಟ್ಟಿ, ಪಹಣಿಗಳಲ್ಲಿ ಬೇರೆ ಬೇರೆ ಜಿಲ್ಲೆಯ ಹೆಸರಿರುವುದು ಸಾಧ್ಯ. ‘ಹರಪನಹಳ್ಳಿಯು ಬಳ್ಳಾರಿ ಜಿಲ್ಲೆಯಲ್ಲಿದೆ’ ಎಂಬ ಹಳೆಯ ವಾಕ್ಯವನ್ನು ತಿದ್ದುವಾಗ ‘ಬಳ್ಳಾರಿ’ ಪದವನ್ನು ಡೆಲ್ ಟ್ಯಾಗಿನೊಳಗೂ ‘ವಿಜಯನಗರ’ ಪದವನ್ನು ಇನ್ಸ್ ಟ್ಯಾಗಿನೊಳಗೂ ಇಟ್ಟರೆ, ಹಳೆಯ ದಾಖಲೆ ಹಿಡಿದು ಬಂದವರಿಗೆ ವ್ಯತ್ಯಾಸದ ಕಾರಣ ತಿಳಿಯುತ್ತದೆ. ಸದ್ದಿಲ್ಲದೆ ಪದ ಬದಲಿಸಿದರೆ ಆ ಸುಳಿವು ಪುಟದಿಂದ ಮರೆಯಾಗುತ್ತದೆ.

ಬದಲಾವಣೆಯ ದಿನಾಂಕಕ್ಕೆ ‘ಡೇಟ್‌ಟೈಮ್’, ಅದರ ಆಧಾರವಾದ ಪುಟದ ವಿಳಾಸಕ್ಕೆ ‘ಸೈಟ್’ ಎಂಬ ಗುಣಲಕ್ಷಣಗಳಿವೆ. ಬ್ರೌಸರ್‌ಗಳು ಸಾಮಾನ್ಯವಾಗಿ ಇವನ್ನು ಪರದೆಯ ಮೇಲೆ ತೋರಿಸುವುದಿಲ್ಲ. ಆದ್ದರಿಂದ ಮುಖ್ಯವಾದ ದಿನಾಂಕವನ್ನು ವಾಕ್ಯದಲ್ಲಿಯೂ ಬರೆಯಬೇಕು.

ಇವುಗಳನ್ನು ಹೋಲುವ ‘ಎಸ್’ ಟ್ಯಾಗ್ ಕೂಡ ಪಠ್ಯದ ಮೇಲೆ ಗೆರೆ ಎಳೆಯುತ್ತದೆ. ಆದರೆ ಅದು ಬರಹದ ತಿದ್ದುಪಡಿಗಲ್ಲ, ಮುಗಿದ ರಿಯಾಯಿತಿಯ ಬೆಲೆಯಂತಹ ಈಗ ಅನ್ವಯಿಸದ ಮಾಹಿತಿಗೆ ಮೀಸಲು.

ರೂಪ

ವಿಶೇಷ ಶೈಲಿ ನೀಡದಿದ್ದಾಗ ಬ್ರೌಸರ್‌ಗಳು ಸೇರ್ಪಡೆಗೆ ಅಡಿಗೆರೆಯನ್ನೂ ಅಳಿಸುವಿಕೆಗೆ ನಡುಗೆರೆಯನ್ನೂ ಎಳೆಯುತ್ತವೆ. ಕನ್ನಡದಲ್ಲಿ ಅಡಿಗೆರೆಯು ಒತ್ತಕ್ಷರಗಳಿಗೆ ತಗಲುತ್ತದೆ ಇಲ್ಲವೇ ಅವುಗಳ ಬಳಿ ತುಂಡಾಗುತ್ತದೆ. ‘ಕೊಟ್ಟೂರು’, ‘ಕೂಡ್ಲಿಗಿ’ ಪದಗಳಲ್ಲಿ ಇದನ್ನು ಕಾಣಬಹುದು. ಅಲ್ಲದೆ ಅಡಿಗೆರೆಯಿರುವ ಪದವನ್ನು ಓದುಗರು ಕೊಂಡಿಯೆಂದು ಭಾವಿಸುವುದುಂಟು. ಸಿಎಸ್‌ಎಸ್ ಮೂಲಕ ಗೆರೆಯನ್ನು ಇನ್ನಷ್ಟು ಕೆಳಗಿಳಿಸಬಹುದು ಅಥವಾ ಗೆರೆಯ ಬದಲು ತಿಳಿ ಹಿನ್ನೆಲೆ ಬಣ್ಣ ನೀಡಬಹುದು. ಬಣ್ಣಗಳನ್ನು ಗುರುತಿಸಲಾಗದವರೂ ಇರುವುದರಿಂದ ಬಣ್ಣವೊಂದನ್ನೇ ನೆಚ್ಚುವುದು ಸರಿಯಲ್ಲ.

ದೃಷ್ಟಿದೋಷವುಳ್ಳವರಿಗೆ

ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶಗಳು ಈ ಗುರುತುಗಳನ್ನು ಅನೇಕ ವೇಳೆ ಹೇಳುವುದಿಲ್ಲ. ಆಗ ಮೇಲಿನ ವಾಕ್ಯವು ‘ಬಳ್ಳಾರಿ ವಿಜಯನಗರ ಜಿಲ್ಲೆ’ ಎಂದು ಕೇಳಿಸಿ, ಅರ್ಥ ಕೆಡುತ್ತದೆ. ‘ಹಿಂದೆ ಬಳ್ಳಾರಿ, 2021ರಿಂದ ವಿಜಯನಗರ’ ಎಂದು ಪದಗಳಲ್ಲಿಯೇ ತಿಳಿಸಿದರೆ ನೋಡುವವರಿಗೂ ಕೇಳುವವರಿಗೂ ಒಂದೇ ಮಾಹಿತಿ ದೊರೆಯುತ್ತದೆ.