ಸಣ್ಣ ಕಾರಿಗೆ ಗಿಡ್ಡ ಸ್ಪ್ರಿಂಗ್: ಮನೆಯಲ್ಲೇ ಜೋಡಿಸುವ ಬಗೆ

ಕಾರು ನೆಲಕ್ಕೆ ಹತ್ತಿರವಾದರೆ, ಸ್ಪ್ರಿಂಗ್ ಸ್ವಲ್ಪ ಬಿಗಿಯಾದರೆ ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ. ಸ್ವಿಫ್ಟ್‌ನಂಥ ಕಾರಿಗೆ ಗಿಡ್ಡ ಸ್ಪ್ರಿಂಗ್ ಹಾಕುವ ಆಸೆ ಹುಟ್ಟುವುದು ಅದಕ್ಕೇ. ಸಲಕರಣೆ ಸರಿಯಿದ್ದು, ಗಡಿಬಿಡಿ ಮಾಡದಿದ್ದರೆ ಮನೆ ಮುಂದಿನ ಗಟ್ಟಿ ನೆಲದಲ್ಲೇ ಈ ಕೆಲಸ ಮುಗಿಸಬಹುದು. ಎಷ್ಟು ಇಳಿಸಬೇಕು ಎಂಬುದನ್ನು ಮಾತ್ರ ಸ್ಪ್ಯಾನರ್ ಹಿಡಿಯುವ ಮೊದಲೇ ನಿಮ್ಮೂರಿನ ಹಂಪ್ ನೋಡಿ ತೀರ್ಮಾನಿಸಿಕೊಳ್ಳಿ.

2018ರಲ್ಲಿ ಬಂದ ಸ್ವಿಫ್ಟ್‌ನ ಹೊಟ್ಟೆ ನೆಲದಿಂದ 163 ಮಿ.ಮೀ. ಎತ್ತರದಲ್ಲಿದೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2450 ಮಿ.ಮೀ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಲೆಕ್ಕ ಹಾಕಿ ನೋಡಿದರೆ, ನಾಲ್ಕೂ ಚಕ್ರ ಅದರ ಮೇಲಿರುವಾಗ ಕಾರಿನ ಹೊಟ್ಟೆಯ ಕಡೆಗೆ ಅದು ಏಳುವುದು ಸುಮಾರು 44 ಮಿ.ಮೀ. ಅಷ್ಟೆ. ಕಾರು ತಗ್ಗಾಗಿದ್ದರೂ ದಾಟುತ್ತದೆ. ತೊಂದರೆ ಇರುವುದು ರಾತ್ರೋರಾತ್ರಿ ಡಾಂಬರು ಸುರಿದು ಮಾಡಿದ, ಅಗಲವಿಲ್ಲದ ಗೋಡೆಯಂಥ ಉಬ್ಬುಗಳಲ್ಲಿ. ಅಲ್ಲಿ ಉಬ್ಬಿನ ಪೂರ್ತಿ ಎತ್ತರವೇ ಹೊಟ್ಟೆಯ ಕೆಳಗೆ ಬರುತ್ತದೆ. ಅದಕ್ಕೆ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಸೇರಿಸಿ. 25 ಮಿ.ಮೀ.ಗಿಂತ ಹೆಚ್ಚು ಇಳಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನನ್ನೂ ಮೊದಲೇ ನೋಡಿಕೊಳ್ಳಿ. ತಯಾರಕರು ನಿಗದಿ ಮಾಡಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಸ್ಪ್ರಿಂಗ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ವಿಮಾ ಕಂಪನಿಗೂ ಬರೆದು ತಿಳಿಸಿ.

ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿದರಾಯಿತು ಎನ್ನುವವರು ಸಿಗುತ್ತಾರೆ. ಕೆಲಸ ಮಾಡುವ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ ನಿಜ. ಐದರಲ್ಲಿ ಒಂದನ್ನು ತೆಗೆದರೆ ಕಾಲುಪಾಲು ಬಿಗಿ ಹೆಚ್ಚುತ್ತದೆ. ಆದರೆ ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಯಲ್ಲಿ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜರುಗಬಹುದು. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವುದಂತೂ ಉಕ್ಕಿನ ಹದವನ್ನೇ ಕೆಡಿಸುತ್ತದೆ. ನಿಮ್ಮ ಮಾಡೆಲ್‌ಗೆಂದೇ ತಯಾರಾದ ಸೆಟ್ ಕೊಳ್ಳಿ. ಅದರ ಜೊತೆ ಗಿಡ್ಡ ಬಂಪ್ ಸ್ಟಾಪ್ ಕೊಟ್ಟಿದ್ದರೆ ಅದನ್ನೂ ಹಾಕಿ.

ಹಿಂಬದಿಯ ಕೆಲಸ ಸುಲಭ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಯಾರೂ ಕಾರಿನ ಕೆಳಗೆ ಹೋಗಕೂಡದು. ಹಿಂದಿನ ಆಕ್ಸಲ್‌ಗೆ ಜಾಕಿ ಆಸರೆ ಕೊಟ್ಟು, ಎರಡೂ ಶಾಕ್ ಅಬ್ಸಾರ್ಬರ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ನಿಧಾನವಾಗಿ ಇಳಿಸಿದರೆ ಹಳೆ ಸ್ಪ್ರಿಂಗ್ ಕೈಗೆ ಬರುತ್ತದೆ. ಇಳಿಸುವಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಳೆದುಕೊಳ್ಳದಂತೆ ಕಣ್ಣಿಡಿ. ಹೊಸದನ್ನು ಕೂರಿಸಿ ಬೋಲ್ಟ್ ಹಾಕಿ. ರಬ್ಬರ್ ಬುಷ್ ಇರುವ ಬೋಲ್ಟುಗಳ ಕೊನೆಯ ಬಿಗಿತ ಮಾತ್ರ ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರ. ಆಕ್ಸಲ್ ಜೋತುಬಿದ್ದಾಗಲೇ ಬಿಗಿದರೆ ಕಾರು ಇಳಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಮುಂಭಾಗದಲ್ಲಿ ಸ್ಪ್ರಿಂಗ್ ಇರುವುದು ಸ್ಟ್ರಟ್‌ನ ಸುತ್ತ, ಒತ್ತಿಟ್ಟ ಸ್ಥಿತಿಯಲ್ಲಿ. ಪ್ರತಿ ಮಿ.ಮೀ. ಒತ್ತಲು 2 ಕೆ.ಜಿ. ಭಾರ ಬೇಡುವ ಸ್ಪ್ರಿಂಗನ್ನು 100 ಮಿ.ಮೀ. ಒತ್ತಿದರೆ 200 ಕೆ.ಜಿ. ಭಾರದ ಬಲ ಅದರಲ್ಲಿ ತುಂಬಿರುತ್ತದೆ. ಆ ಸ್ಪ್ರಿಂಗ್‌ನ ತೂಕ 2 ಕೆ.ಜಿ. ಇದ್ದು ಒಮ್ಮೆಲೇ ಬಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಮುಖಕ್ಕೆ ಹಾರಬಲ್ಲದು. ಆದ್ದರಿಂದ ಸ್ಟ್ರಟ್‌ನ ನಡುವಿನ ನಟ್ಟನ್ನು, ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಯಾವ ಕಾರಣಕ್ಕೂ ಬಿಚ್ಚಬೇಡಿ.

ಮೊದಲು ಬ್ರೇಕ್ ಹೋಸ್, ಎಬಿಎಸ್ ವೈರ್‌ಗಳ ಕ್ಲಿಪ್ ಬಿಡಿಸಿ. ಸ್ಟ್ರಟ್‌ಗೆ ಲಿಂಕ್ ರಾಡ್ ಸೇರಿದ್ದರೆ ಅದನ್ನೂ ಕಳಚಿ. ಸ್ಟ್ರಟ್ಟಿನ ಕೆಳಗಿನ ಎರಡು ಬೋಲ್ಟ್ ತೆಗೆಯುವ ಮುನ್ನ ಅವು ಕೂತಿರುವ ಜಾಗಕ್ಕೆ ಗುರುತು ಹಾಕಿ, ಚಕ್ರದ ಓರೆ ಅಲ್ಲೇ ನಿರ್ಧಾರವಾಗುವುದು. ಬೋಲ್ಟನ್ನು ಹಿಡಿದುಕೊಂಡು ನಟ್ಟನ್ನು ತಿರುಗಿಸಿ. ಬಾನೆಟ್ ಎತ್ತಿ ಮೇಲಿನ ಮೌಂಟ್ ಬಿಡಿಸಿದರೆ ಸ್ಟ್ರಟ್ ಇಡಿಯಾಗಿ ಹೊರಬರುತ್ತದೆ. ಕಂಪ್ರೆಸರ್‌ನ ಎರಡು ಕೊಂಡಿಜೋಡಿಗಳನ್ನು ಎದುರುಬದುರಾಗಿ ಹಾಕಿ, ಒಂದೊಂದನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗಿ. ಸ್ಪ್ರಿಂಗ್‌ನ ತುದಿಗಳು ನಿಮ್ಮ ಕಡೆಗಾಗಲಿ ಇನ್ನೊಬ್ಬರ ಕಡೆಗಾಗಲಿ ಇರಬಾರದು. ಸ್ಪ್ರಿಂಗ್ ತಟ್ಟೆಯಲ್ಲಿ ಸಡಿಲವಾಗಿ ಆಡತೊಡಗಿದ ಮೇಲೆಯೇ ನಡುವಿನ ನಟ್ಟಿಗೆ ಕೈ ಹಾಕಿ.

ಬಿಚ್ಚಿಟ್ಟಾಗಲೇ ಮೇಲಿನ ರಬ್ಬರ್ ಮೌಂಟನ್ನೂ ಬೇರಿಂಗನ್ನೂ ನೋಡಿಬಿಡಿ. ಸವೆದಿದ್ದರೆ ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಹೊಸ ಸ್ಪ್ರಿಂಗ್‌ನ ಮೇಲಿನ ಅಕ್ಷರಗಳು ಓದಲು ಬರುವಂತೆ ನೇರವಾಗಿರಬೇಕು, ಕೆಳತುದಿ ತಟ್ಟೆಯ ಮೆಟ್ಟಿಲಿಗೆ ತಾಗಿ ಕೂರಬೇಕು. ಹಳೆ ಲಾಕ್ ನಟ್ಟನ್ನು ಮತ್ತೆ ಬಳಸಬೇಡಿ. ಎಷ್ಟು ಬಿಗಿಯಬೇಕೆಂಬ ಅಂಕಿ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಂದಾಜು ಬೇಡ, ಟಾರ್ಕ್ ರೆಂಚ್ ಬಳಸಿ.

ಕಾರು ಇಳಿಸಿದ ಮೇಲೆ ಸ್ಟೀರಿಂಗ್ ಅನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಟೈರ್ ಎಲ್ಲಾದರೂ ಉಜ್ಜುತ್ತದೆಯೇ ನೋಡಿ. ಹಿಂದೆ ಮೂವರನ್ನು ಕೂರಿಸಿ ಇನ್ನೊಮ್ಮೆ ನೋಡಿ. ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತದೆ, ಹಾಗೇ ಓಡಿಸಿದರೆ ಟೈರಿನ ಒಂದೇ ಅಂಚು ಸವೆಯುತ್ತದೆ. ಕೆಲವು ದಿನ ಮೆಲ್ಲಗೆ ಓಡಿಸಿ, ಸ್ಪ್ರಿಂಗ್ ಕೂತ ನಂತರ ಎಲ್ಲ ಬೋಲ್ಟುಗಳ ಬಿಗಿತ ಪರೀಕ್ಷಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಅಂದೇ ಹೆಡ್‌ಲೈಟ್‌ನ ಬೆಳಕು ಬೀಳುವ ಎತ್ತರವನ್ನೂ ಸರಿಮಾಡಿಸಿಕೊಳ್ಳಿ.