ರೊಟ್ಟಿ ಜೊತೆಗೊಂದು ಹಿಡಿ ಹಿಂಡಿ

ಜಿಡಗಾದ ಓಣಿಗಳಲ್ಲಿ ಬೆಳಗಿನ ಮೊದಲ ಸಪ್ಪಳ ರೊಟ್ಟಿ ಬಡಿಯುವುದು. ತಪ್ ತಪ್ ತಪ್ ಎಂದು ಒಂದು ಮನೆಯಲ್ಲಿ ಶುರುವಾದದ್ದು ಆಚೆ ಮನೆ, ಈಚೆ ಮನೆ, ಹಿಂದಿನ ಓಣಿ ಎಂದು ಹಬ್ಬುತ್ತ ಹೋಗುತ್ತದೆ. ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಈ ಊರನ್ನು ಹೊರಗಿನವರು ಬಲ್ಲದ್ದು ನವಕಲ್ಯಾಣ ಮಠದಿಂದ. ದೂರದ ಬೆಳಗಾವಿ ಜಿಲ್ಲೆಯ ಮುಗಳಖೋಡದ ಮಠದ ಜೊತೆ ಇದಕ್ಕೆ ನಂಟು. ಗಡಿಯಾಚೆಯ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಆದರೆ ಮಠದ ಗಂಟೆಗಿಂತ ಮೊದಲು ಊರನ್ನು ಎಬ್ಬಿಸುವುದು ಹೆಣ್ಣುಮಕ್ಕಳ ಅಂಗೈ.

ಒಲೆಯ ಮೇಲೆ ಎಸರು ಕುದಿಯುತ್ತದೆ. ಕೊಣಮಿಗಿಯಲ್ಲಿ ಜೋಳದ ಹಿಟ್ಟಿನ ನಡುವೆ ಕುಣಿ ಮಾಡಿ, ಅದರೊಳಗೆ ಬಿಸಿನೀರು ಹೊಯ್ದು, ಕೈ ಸುಡುತ್ತಿರುವಾಗಲೇ ನಾದಬೇಕು. ಗೋಧಿಯಂತೆ ಜೋಳದ ಹಿಟ್ಟಿಗೆ ಜಿಗುಟಿಲ್ಲ. ಕುದಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅಂಟಾಗಿ ಹಿಡಿದುಕೊಳ್ಳುವುದರಿಂದಲೇ ರೊಟ್ಟಿ ಹರಿಯದೆ ನಿಲ್ಲುತ್ತದೆ. ಆಮೇಲೆ ಬಡಿತ. ಅಂಗೈಯಷ್ಟಿದ್ದ ಉಂಡೆ ಸುತ್ತುತ್ತ ಸುತ್ತುತ್ತ ಹೆಂಚಿನಷ್ಟಗಲವಾಗುತ್ತದೆ. ಹೆಂಚಿಗೆ ಬಿದ್ದೊಡನೆ ಒದ್ದೆ ಅರಿವೆಯಿಂದ ಮೇಲೊಂದು ಸಲ ನೀರು ಹಚ್ಚಿ, ತಿರುವಿ ಹಾಕಿದರೆ ಉಬ್ಬುತ್ತದೆ. ಮನೆಯವರು ಉಣ್ಣುವ ರೊಟ್ಟಿಯಾದರೆ ಇಲ್ಲಿಗೆ ಮುಗಿಯಿತು. ದೂರ ಹೋಗಬೇಕಾದ ರೊಟ್ಟಿ ಮಾತ್ರ ಒಲೆಯ ಮಗ್ಗುಲಲ್ಲಿ ಆನಿಸಿ ನಿಂತು, ನೀರಿನ ಪಸೆಯೆಲ್ಲ ಆರಿ, ಖಡಕ್ ಆಗಬೇಕು. ಹೀಗೆ ಒಣಗಿದ್ದಕ್ಕೆ ಗಾಳಿ, ತೇವ ತಾಗದಂತೆ ನೋಡಿಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ. ಹೊಲಕ್ಕೆ, ಜಾತ್ರೆಗೆ, ದೂರದ ಊರಿಗೆ ಬುತ್ತಿ ಕಟ್ಟುತ್ತಿದ್ದವರು ಕಂಡುಕೊಂಡ ದಾರಿ ಇದು. ಇವತ್ತು ಅದೇ ರೊಟ್ಟಿ ರಟ್ಟಿನ ಡಬ್ಬಿಯೊಳಗೆ ಕುಳಿತು ಬೆಂಗಳೂರಿಗೆ ಹೋಗುತ್ತದೆ.

2024ರಲ್ಲಿ ಕಲಬುರಗಿ ಜಿಲ್ಲಾಡಳಿತ ಸ್ವಸಹಾಯ ಗುಂಪುಗಳ ಮಹಿಳೆಯರ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡಿನ ಹೆಸರು ಕೊಟ್ಟಿತು. 2025ರ ಜೂನ್ 29ರ ‘ಮನದ ಮಾತು’ ಕಾರ್ಯಕ್ರಮದಲ್ಲಿ ಪ್ರಧಾನಿ ಈ ರೊಟ್ಟಿಯನ್ನು ಹೆಸರಿಸಿ, ದಿನಕ್ಕೆ 3000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿವೆ, ಬೆಂಗಳೂರಿನಲ್ಲೊಂದು ಮಾರಾಟ ಕಟ್ಟೆ ತೆರೆದಿದೆ, ಆನ್‌ಲೈನ್‌ನಲ್ಲೂ ಬೇಡಿಕೆ ಬರುತ್ತಿದೆ ಎಂದರು. ಅಲ್ಲಿಂದೀಚೆಗೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಪಡಸಾಲೆಗಳಲ್ಲಿ ಅಳತೆಪಟ್ಟಿ, ಅಂಟುಟೇಪು, ವಿಳಾಸದ ಚೀಟಿಗಳ ಮಾತು ಹೆಚ್ಚಾಗಿದೆ. ರೊಟ್ಟಿ ಮಾಡುವುದನ್ನು ಇಲ್ಲಿ ಯಾರೂ ಯಾರಿಗೂ ಕಲಿಸಬೇಕಿಲ್ಲ. ಕಾಣದ ಊರಿನ ಕಾಣದ ಗಿರಾಕಿಗೆ ಅದನ್ನು ಹೇಗೆ ಕಳಿಸುವುದು ಎನ್ನುವುದು ಮಾತ್ರ ಹೊಸ ವಿದ್ಯೆ.

ಆದರೆ ಈ ವಿದ್ಯೆಯ ಅರ್ಧ ಭಾಗ ಇಲ್ಲಿಯವರಿಗೆ ಆಗಲೇ ಗೊತ್ತಿದೆ. ಪೊಟ್ಟಣ ಕಟ್ಟುವ ಪಡಸಾಲೆಯಲ್ಲಿ ಹತ್ತು ನಿಮಿಷ ಕುಳಿತರೆ ಅದು ಕಾಣುತ್ತದೆ. ರೊಟ್ಟಿ ಎಣಿಸಿ ಡಬ್ಬಿಗಿಟ್ಟಾಯಿತು. ಇನ್ನು ಮುಚ್ಚಬೇಕು. ಮುಚ್ಚುವ ಕೈ ತಡೆಯುತ್ತದೆ. “ಬರೀ ರೊಟ್ಟಿ ಹ್ಯಾಂಗ ಕಳಸಾದ್ರೀ?” ಎಂಬ ಮಾತು ಬರುತ್ತದೆ. ಒಳಗಿನಿಂದ ಶೇಂಗಾದ ಹಿಂಡಿಯ ಡಬ್ಬಿ ಬರುತ್ತದೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ, ಉಪ್ಪು ಕೂಡಿಸಿ ಒಳ್ಳಿನಲ್ಲಿ ಕುಟ್ಟಿದ್ದು. ಕುಟ್ಟುವಾಗಲೇ ಎಣ್ಣೆ ಬಿಟ್ಟುಕೊಂಡು ಕೈಗೆ ಹತ್ತುತ್ತದೆ. ಗಿರಾಕಿ ಕೇಳಿಲ್ಲ, ದುಡ್ಡು ಕೊಟ್ಟಿಲ್ಲ. ಆದರೂ ಒಂದು ಹಿಡಿ ಚೀಲದೊಳಗೆ ಹೋಗುತ್ತದೆ.

ಇದು ಕೊಸರು. ಆಳಂದದ ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ ಕೊತ್ತಂಬರಿ ಕಡ್ಡಿಯೊಂದು ಚೀಲಕ್ಕೆ ಬೀಳದಿದ್ದರೆ ವ್ಯಾಪಾರ ಮುಗಿದ ಹಾಗೇ ಅಲ್ಲ. ಬಳೆಗಾರ ಡಜನ್ ಎಣಿಸಿ ತೊಡಿಸಿದ ಮೇಲೆ ಇನ್ನೊಂದು ಬಳೆ ಏರಿಸುತ್ತಾನೆ. ಜೋಳ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲು ಖಾಲಿ ಹಿಂದಿರುಗುವುದಿಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಅದರ ತಳದಲ್ಲಿ ಇರುತ್ತದೆ. ತವರಿನಿಂದ ಹೊರಟ ಮಗಳ ಉಡಿಗೆ ಅಕ್ಕಿ, ಅಡಿಕೆ, ಕೊಬ್ಬರಿ ಬಟ್ಟಲು, ಕುಬಸದ ಕಣ ಬೀಳದೆ ಬಸ್ಸು ಹತ್ತಿಸುವುದಿಲ್ಲ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರು ತಮ್ಮ ಹೊಲದ ಜೋಳದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಟ್ಟರೆಂಬ ಐತಿಹ್ಯ ಈ ನೆಲದ ಮಕ್ಕಳಿಗೆಲ್ಲ ಗೊತ್ತು. ಕಾಳು ತಿನ್ನಲು ಬಿಟ್ಟದ್ದು ಸಾಲದೆಂದು ನೀರನ್ನೂ ಇಟ್ಟರಲ್ಲ, ಆ ನೀರೇ ಕೊಸರು. ತಿಂದವರಿಗೆ ಮುಂದೆ ಬೇಕಾಗುವುದೇನು ಎಂದು ಯೋಚಿಸಿ ಇಟ್ಟದ್ದು.

ಪೊಟ್ಟಣದೊಳಗೆ ಏನಿಡಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಕಂಡಿಲ್ಲ. ನಗರದ ಅಂಗಡಿಗಳಿಂದ ಬರುವ ಡಬ್ಬಿಗಳಲ್ಲಿ ಮಿನುಗುವ ಕಾಗದದ ಚೂರು, ಪ್ಲಾಸ್ಟಿಕ್ ಹೂ, ಯಾವುದೋ ಕಾರ್ಖಾನೆಯ ಕೀಲಿಸರ ಇರುತ್ತವೆ. ಅವು ಕೈಗೆ ಬಂದ ಕ್ಷಣದಲ್ಲಿ ಚಂದ, ಮರುದಿನ ಕಸ. ಜಿಡಗಾದ ಹಿಂಡಿ ಹಾಗಲ್ಲ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ರಾತ್ರಿ ಹತ್ತಕ್ಕೆ ಕೆಲಸದಿಂದ ಬಂದ ಹುಡುಗ ಖಡಕ್ ರೊಟ್ಟಿ ಬಿಚ್ಚುತ್ತಾನೆ. ಪಲ್ಯ ಮಾಡಲು ತ್ರಾಣವಿಲ್ಲ. ಆ ಹಿಡಿ ಹಿಂಡಿಗೆ ಒಂದಿಷ್ಟು ಮೊಸರು ಕಲಸಿದರೆ ಊಟವಾಯಿತು. ಕೊಸರು ಬಂದು ಸರಕನ್ನು ಪೂರ್ತಿ ಮಾಡಿತು.

ಡಬ್ಬಿಯ ಲೆಕ್ಕವನ್ನೂ ಒಮ್ಮೆ ನೋಡಬೇಕು. ರೊಟ್ಟಿ ದುಂಡು, ಡಬ್ಬಿ ಚೌಕ. ಚೌಕದೊಳಗೆ ದುಂಡಗಿನದನ್ನು ಬಿಗಿಯಾಗಿ ಕೂರಿಸಿದರೂ ನಾಲ್ಕು ಮೂಲೆಗಳಲ್ಲಿ ಒಟ್ಟು ಜಾಗದ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಖಾಲಿ ಉಳಿಯುತ್ತದೆ. ಆ ಖಾಲಿ ಮೂಲೆಯೇ ರೊಟ್ಟಿಯ ಶತ್ರು. ಲಾರಿ ತಗ್ಗಿಗೆ ಇಳಿದಾಗಲೆಲ್ಲ ರೊಟ್ಟಿ ಆ ಕಡೆ ಸರಿದು ಅಂಚು ಮುರಿಯುತ್ತದೆ. ಆ ಮೂಲೆಗಳಿಗೆ ಉದ್ದುದ್ದ ಚೀಲಗಳಲ್ಲಿ ಹಿಂಡಿ ತುಂಬಿ ನಿಲ್ಲಿಸಿದರೆ ರೊಟ್ಟಿ ಅಲುಗುವುದಿಲ್ಲ. ಶೇಂಗಾ ಒಂದು ಮೂಲೆ, ಅಗಸಿ ಒಂದು ಮೂಲೆ, ಗುರೆಳ್ಳು ಒಂದು ಮೂಲೆ. ನಾಲ್ಕನೆಯದರಲ್ಲಿ ಒಂದು ಹಿಡಿ ತೊಗರಿ ಬೇಳೆ. ಈ ಮಣ್ಣಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ, ಒಂದು ಹೊತ್ತಿನ ಬ್ಯಾಳಿಗೆ ಆಗುವಷ್ಟು ಇಟ್ಟರೂ ರುಚಿ ಬಲ್ಲವರು ಬಿಡುವುದಿಲ್ಲ. ದೂರದ ಸಾಗಣೆಗೆ ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ಎಂದು ಹಿಡಿಯುತ್ತಾರೆ. ಅದಕ್ಕೂ ನಿಜವಾದ ತೂಕಕ್ಕೂ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 30, 30, 20 ಸೆಂಟಿಮೀಟರಿನ ಡಬ್ಬಿ ಈ ಲೆಕ್ಕಕ್ಕೆ 3.6 ಕಿಲೋ. ಖಡಕ್ ರೊಟ್ಟಿ ಹಗುರ, ಡಬ್ಬಿ ದೊಡ್ಡದು, ಹೀಗಾಗಿ ನಿಜವಾದ ತೂಕ ಈ ಲೆಕ್ಕವನ್ನು ಮೀರದಿರುವ ತನಕ ಮೂಲೆಯಲ್ಲಿ ನಿಂತ ಹಿಂಡಿಗೆ ಸಾಗಣೆಯ ಖರ್ಚು ಬೇರೆ ಬೀಳುವುದಿಲ್ಲ.

ಇನ್ನೊಂದು ಕೊಸರು ಎಣಿಕೆಯದು. ಹತ್ತು ಕೇಳಿದವರಿಗೆ ಹನ್ನೊಂದು. ದಾರಿಯಲ್ಲಿ ಒಂದು ಮುರಿದರೂ ಹತ್ತು ಉಳಿಯಲಿ ಎಂದು. ಮುರಿಯದೆ ಹೋದರೆ ಅದು ಮನೆಗೆ ಬಂದ ಅತಿಥಿಯ ಪಾಲು. ಎಳ್ಳ ಅಮಾವಾಸ್ಯೆಯ ಹೊತ್ತಿನಲ್ಲಿ ಈ ಹೆಚ್ಚಿನ ರೊಟ್ಟಿ ಎಳ್ಳು ಹಚ್ಚಿದ ಸಜ್ಜೆಯದಾಗುತ್ತದೆ. ಹೊಲಕ್ಕೆ ಚರಗ ಚೆಲ್ಲಲು ಹೋಗಲಾರದೆ ಪುಣೆ, ಹೈದರಾಬಾದಿನ ಫ್ಲ್ಯಾಟುಗಳಲ್ಲಿ ಉಳಿದ ಈ ಕಡೆಯ ಮಕ್ಕಳಿಗೆ ಆ ಒಂದು ಸಜ್ಜೆ ರೊಟ್ಟಿ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಚೀಟಿಯೂ ಬೇಕು. ಖಡಕ್ ರೊಟ್ಟಿಯನ್ನು ಮೊದಲ ಸಲ ಕಂಡವರು ಅದನ್ನು ಹಪ್ಪಳವೆಂದುಕೊಂಡು ಮುರಿದು ಬಾಯಿಗೆ ಹಾಕಿಕೊಳ್ಳುವುದುಂಟು. ನೀರು ಚಿಮುಕಿಸಿ ಒದ್ದೆ ಅರಿವೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟರೆ ಮೆತ್ತಗಾಗುತ್ತದೆ, ಬಿಸಿ ಸಾರಿನಲ್ಲಿ ಮುರಿದು ನೆನೆಸಿ ಉಣ್ಣಬಹುದು, ತೇವವಿಲ್ಲದ ಡಬ್ಬಿಯಲ್ಲಿಡಿ. ಇಷ್ಟು ಬರೆದರೆ ಸಾಕು, ಕೈಯಲ್ಲೇ ಬರೆದರೆ ಇನ್ನೂ ಚೆನ್ನ. ಶಾಲೆ ಬಿಟ್ಟು ಬಂದ ಮಗಳು ದುಂಡಗಿನ ಅಕ್ಷರದಲ್ಲಿ ಬರೆದ ಚೀಟಿಗೆ ಯಾವ ಮುದ್ರಣದ ಹೊಳಪೂ ಸಮ ಬರುವುದಿಲ್ಲ.

ಪ್ರೀತಿಯಿಂದ ಇಟ್ಟದ್ದಕ್ಕೂ ನಿಯಮಗಳಿವೆ, ಇವುಗಳಲ್ಲಿ ಸಡಿಲ ಬಿಡಬಾರದು. ಪುಕ್ಕಟೆ ಕೊಟ್ಟ ಹಿಂಡಿಯೂ ಆಹಾರವೇ. ಅದರ ಮೇಲೆ ಏನೇನು ಹಾಕಿದೆ, ಎಂದು ಕುಟ್ಟಿದ್ದು, ಎಂದಿನವರೆಗೆ ಉಣ್ಣಬಹುದು ಎಂದು ಇರಬೇಕು. ಶೇಂಗಾ ಮತ್ತು ಎಳ್ಳು ಕೆಲವರ ಮೈಗೆ ಒಗ್ಗುವುದಿಲ್ಲ. ಉಸಿರು ಕಟ್ಟುವಷ್ಟು ಅಲರ್ಜಿ ಇರುವವರಿದ್ದಾರೆ. ಆದ್ದರಿಂದ ‘ಇದರಲ್ಲಿ ಶೇಂಗಾ ಇದೆ’ ಎಂದು ದಪ್ಪ ಅಕ್ಷರದಲ್ಲಿ ಬರೆಯಲೇಬೇಕು. ರೊಟ್ಟಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುವ ರೂಢಿಯನ್ನೂ ಬಿಡಬೇಕು. ಮುದ್ರಣದ ಮಸಿ ಆಹಾರಕ್ಕೆ ಹತ್ತುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅದನ್ನು ನಿಷೇಧಿಸಿದೆ. ಊದಿನಕಡ್ಡಿಯ ಪೊಟ್ಟಣ ಇಡುವ ಆಸೆಯೂ ಬೇಡ, ನಾಲ್ಕು ದಿನ ಜೊತೆಗಿದ್ದರೆ ರೊಟ್ಟಿಯೆಲ್ಲ ಮಲ್ಲಿಗೆ ನಾರುತ್ತದೆ. ಮಠದ ವಿಭೂತಿ, ಕುಂಕುಮದ ವಿಷಯದಲ್ಲಿ ನನ್ನ ಮಾತು ಖಚಿತ. ಕೇಳಿದವರಿಗೆ ಕಳಿಸಿ, ಕೇಳದವರಿಗೆ ಬೇಡ. ಜಿಡಗಾದ ಸಿದ್ಧರಾಮ ಶಿವಯೋಗಿಗಳ ಮಠಕ್ಕೂ ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೂ ಜನ ನಡೆದುಕೊಳ್ಳುವ ತಾಲ್ಲೂಕು ಇದು. ಪ್ರಸಾದವನ್ನು ಮಾರಾಟದ ಜೊತೆಗಿನ ಮಾದರಿಯಾಗಿ ಹಂಚುವುದು ಪ್ರಸಾದಕ್ಕೂ ಒಪ್ಪುವುದಿಲ್ಲ.

ಕಡಲಾಚೆಗೆ ಹೋಗುವ ಪೊಟ್ಟಣದ ಮಾತು ಬೇರೆ. ಅಲ್ಲಿಗೆ ಬಿತ್ತನೆಗೆ ಬರುವಂಥ ಕಾಳು ಇಡಬಾರದು. ಬೀಜ, ಹುಲ್ಲು, ಒಣ ಎಲೆ ಕಂಡರೆ ಹಲವು ದೇಶಗಳ ಕಸ್ಟಮ್ಸ್‌ನವರು ಇಡೀ ಡಬ್ಬಿಯನ್ನೇ ತಡೆಹಿಡಿಯುತ್ತಾರೆ. ಅಂಚೆಯ ಸಿಎನ್ 22, ಸಿಎನ್ 23 ಎಂಬ ಕಸ್ಟಮ್ಸ್ ಘೋಷಣಾ ಪತ್ರಗಳಲ್ಲಿ ಮಾರಿದ ಸರಕಿನ ಜೊತೆ ಉಡುಗೊರೆಯಾಗಿ ಇಟ್ಟದ್ದನ್ನೂ ಕಾಣಿಸಬೇಕು. ಹೇಳದೆ ಇಟ್ಟ ಒಂದು ಹಿಡಿಯಿಂದ ಎಲ್ಲ ಸರಕೂ ಹಿಂದಿರುಗಬಹುದು.

ರೊಟ್ಟಿಯ ಪಕ್ಕದಲ್ಲೇ ಅನೇಕ ಮನೆಗಳಲ್ಲಿ ಕೌದಿಯೂ ಇರುತ್ತದೆ. ಮಧ್ಯಾಹ್ನದ ಬಿಸಿಲಿಳಿದ ಮೇಲೆ ಕಟ್ಟೆಯ ಮೇಲೆ ಹರಡಿಕೊಂಡು ಕೂರುತ್ತಾರೆ. ಅಜ್ಜಿಯ ಇಳಕಲ್ ಸೀರೆ, ಮಾವನ ಧೋತರ, ಕೂಸಿನ ಅಂಗಿ ಎಲ್ಲ ಒಂದರ ಮೇಲೊಂದು ಪದರಾಗಿ, ಅಂಚಿನಿಂದ ನಡುವಿನ ಕಡೆಗೆ ಓಡುಹೊಲಿಗೆ ಸಾಗುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆಯ ತ್ರಿಕೋನಗಳನ್ನು ಮಡಿಸಿ ಹೂವಿನಂತೆ ಹೊಲಿಯುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು. ಹೊದ್ದವರಿಗೆ ಆ ಹೂವಿನಿಂದ ಬೆಚ್ಚಗೇನೂ ಆಗದು, ಆದರೂ ಅದಿಲ್ಲದೆ ಕೆಲಸ ಮುಗಿಯದು. ಜಿಡಗಾ ಸೀಮೆಯ ಕೌದಿಯನ್ನು ಪೊಟ್ಟಣ ಕಟ್ಟಿ ಕಳಿಸುವವರು ಜೊತೆಗೆ ಎರಡು ವಸ್ತು ಇಡಬೇಕೆಂದು ನನ್ನ ಆಸೆ. ಮೊದಲನೆಯದು ತೇಪೆಯ ಸರಂಜಾಮು: ಅದೇ ಕೌದಿಯ ಬಟ್ಟೆಯಲ್ಲಿ ಉಳಿದ ಅಂಗೈಯಗಲದ ತುಂಡು, ಅದೇ ದಾರದ ಒಂದಿಷ್ಟು ಸುತ್ತು, ಅದಕ್ಕೆ ಚುಚ್ಚಿದ ಸೂಜಿ. ಮುಂದೆಂದೋ ಹರಿದರೆ ತೇಪೆಗೆ ಬೇರೆಡೆ ಹುಡುಕಬೇಕಿಲ್ಲ. ಎರಡನೆಯದು ಒಣಗಿಸಿದ ಬೇವಿನ ಎಲೆಯ ಪುಟ್ಟ ಗಂಟು. ಸಂದೂಕಿನ ಅರಿವೆಗೂ ಕಣಜದ ಜೋಳಕ್ಕೂ ಹುಳು ಬಾರದಿರಲೆಂದು ನಮ್ಮ ಹಿರಿಯರು ಇಡುತ್ತಿದ್ದದ್ದು ಅದನ್ನೇ. ದೇಶದೊಳಗಿನ ಪೊಟ್ಟಣಕ್ಕೆ ಮಾತ್ರ ಈ ಬೇವು.

ಇದಕ್ಕೆಲ್ಲ ಖರ್ಚಿದೆ. ಹಿಂಡಿ ಕುಟ್ಟುವುದೂ ಕೂಲಿಯ ಕೆಲಸವೇ, ಶೇಂಗಾ ಪುಕ್ಕಟೆ ಬೆಳೆಯುವುದಿಲ್ಲ. ಹೆಣ್ಣುಮಕ್ಕಳ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ನಮ್ಮಲ್ಲಿ ಹಳೆಯ ರೋಗ. ಕೊಸರಿನ ಹೆಸರಿನಲ್ಲಿ ಅದು ಮತ್ತೆ ಬೇರೂರಬಾರದು. ಹಿಂಡಿಯ ವೆಚ್ಚ, ಹನ್ನೊಂದನೆಯ ರೊಟ್ಟಿಯ ವೆಚ್ಚ, ಚೀಟಿ ಬರೆದ ಹೊತ್ತು, ಇವೆಲ್ಲವೂ ಗುಂಪಿನ ಖಾತೆ ಪುಸ್ತಕದಲ್ಲಿ ಸಾಲಾಗಿ ಏರಲಿ, ರೊಟ್ಟಿಯ ಬೆಲೆ ಅದನ್ನು ಹೊರುವಂತಿರಲಿ. ಗಿರಾಕಿಯ ಕಣ್ಣಿಗೆ ಅದು ಕೊಸರೇ ಆಗಿ ಕಾಣಲಿ, ಕುಟ್ಟಿದ ಕೈಗೆ ಮಾತ್ರ ಅದರ ದುಡ್ಡು ಮುಟ್ಟಲಿ. ಆಳಂದ ತಾಲ್ಲೂಕಿನಲ್ಲೇ, ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ವ್ಯಾಪಾರದ ಲೆಕ್ಕ ಕಲಿಯುವ ಹುಡುಗ ಹುಡುಗಿಯರು ಈ ಪಡಸಾಲೆಗಳಿಗೆ ಬಂದು ಒಂದು ಡಬ್ಬಿಯ ನಿಜವಾದ ವೆಚ್ಚ ಎಷ್ಟೆಂದು ಕುಳಿತು ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಡಬ್ಬಿ ಮುಚ್ಚಿದ ಮೇಲೆ, ಟೇಪು ಹಚ್ಚಿದ ಮೇಲೆ, ಈ ಮನೆಗಳಲ್ಲಿ ಒಂದು ಕಾತರ ಉಳಿಯುತ್ತದೆ. ಎದುರಿಗೆ ಕೂತು ಉಣ್ಣುವವರ ಮುಖ ನೋಡಿ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಿಳಿಯುವ ರೂಢಿ ಇವರದು. ಅಂಚೆಯ ಆಚೆ ತುದಿಯಲ್ಲಿರುವವರ ಮುಖ ಇವರಿಗೆ ಕಾಣದು. ಆದ್ದರಿಂದ ಕಲಬುರಗಿಯ ರೊಟ್ಟಿಯನ್ನೋ ಕೌದಿಯನ್ನೋ ತರಿಸಿಕೊಳ್ಳುವ ಓದುಗರಲ್ಲಿ ನನ್ನದೊಂದು ಕೋರಿಕೆ. ಚೌಕಾಸಿ ಮಾಡದೆ ಬೆಲೆ ಕೊಡಿ. ಡಬ್ಬಿಯ ಮೇಲೆ ಫೋನ್ ನಂಬರ್ ಇರುತ್ತದೆ, ಉಂಡ ಮೇಲೆ ಒಂದು ಸಲ ಕರೆ ಮಾಡಿ, ಹಿಂಡಿಯಲ್ಲಿ ಖಾರ ಹೇಗಿತ್ತು ಎಂದು ಹೇಳಿ.